ಪ್ಲೇಟ್‌ಲೆಟ್ ಚೀಲದಲ್ಲಿ ಗಂಟು: ದಾನಿಯಲ್ಲಿ ಏನು ನೋಡಬೇಕು, ಹೇಗೆ ತಡೆಯಬೇಕು

ದಾನಿಯ ರಕ್ತದಿಂದ ಪ್ಲೇಟ್‌ಲೆಟ್ (ಹೆಪ್ಪುಗಟ್ಟಲು ನೆರವಾಗುವ ಸಣ್ಣ ಕಣ) ಬೇರ್ಪಡಿಸಿಕೊಂಡು ಉಳಿದ ರಕ್ತವನ್ನು ಹಿಂದಿರುಗಿಸುವ ಏಫರೆಸಿಸ್ ಯಂತ್ರದಿಂದ ಇಳಿಸಿದ ಚೀಲದಲ್ಲಿ ಬಿಳಿ ಗಂಟು ಕಂಡರೆ ರಕ್ತನಿಧಿಯಲ್ಲಿ ಮೊದಲ ಅನುಮಾನ ಯಂತ್ರದ ಮೇಲೆ, ಆಮೇಲೆ ಕಿಟ್ ಮೇಲೆ. ದಾನಿಯ ಕಡತ ತೆರೆಯುವುದು ಕೊನೆಗೆ. ಈ ಕ್ರಮ ತಲೆಕೆಳಗಾಗಬೇಕು. ಸೂಜಿ ಚುಚ್ಚುವ ಮೊದಲೇ ನಮ್ಮ ಕೈಯಲ್ಲಿರುವ ಪ್ಲೇಟ್‌ಲೆಟ್ ಕೌಂಟ್, ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು) ಮತ್ತು ಮೊಣಕೈ ಮಡಿಕೆಯ ರಕ್ತನಾಳ, ಈ ಮೂರನ್ನು ಗಮನವಿಟ್ಟು ನೋಡಿದರೆ ಯಾವ ಚೀಲ ಕಾಟ ಕೊಡಬಹುದು ಎಂಬುದನ್ನು ಬಹಳಷ್ಟು ಸಲ ಮೊದಲೇ ಊಹಿಸಬಹುದು. ಇದು ಏಫರೆಸಿಸ್ ಕೊಠಡಿಯ ಟೆಕ್ನಿಷಿಯನ್‌ಗಳಿಗೆ ಮತ್ತು ರಕ್ತನಿಧಿಯ ವೈದ್ಯಾಧಿಕಾರಿಗಳಿಗೆ ಬರೆದದ್ದು. ಊಟ, ಔಷಧದ ಭಾಗವನ್ನು ದಾನಿಗಳೂ ಓದಿಕೊಳ್ಳಬೇಕು.

ಗಂಟು ಕಟ್ಟುವುದೇಕೆ

ಒಂದಕ್ಕೊಂದು ಅಂಟಿಕೊಳ್ಳುವುದೇ ಪ್ಲೇಟ್‌ಲೆಟ್‌ಗಳ ಕೆಲಸ. ದೇಹದ ಹೊರಗೆ ಆ ಕೆಲಸವನ್ನು ತಡೆಹಿಡಿಯುವುದು, ಹೆಪ್ಪುಗಟ್ಟದಂತೆ ಯಂತ್ರ ರಕ್ತಕ್ಕೆ ಬೆರೆಸುವ ಎಸಿಡಿ-ಎ ದ್ರಾವಣದಲ್ಲಿರುವ ಸಿಟ್ರೇಟ್. ಅದು ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ, ಕ್ಯಾಲ್ಸಿಯಂ ಸಿಗದೆ ಹೆಪ್ಪುಗಟ್ಟುವ ಸರಪಳಿ ಮುಂದೆ ಸಾಗುವುದಿಲ್ಲ. ಜೊತೆಗೆ ಈ ದ್ರಾವಣ ಆಮ್ಲೀಯ. ಪ್ಲಾಸ್ಮಾದ (ರಕ್ತದ ದ್ರವ ಭಾಗದ) ಪಿಎಚ್ ಸ್ವಲ್ಪ ಇಳಿದರೆ ಪ್ಲೇಟ್‌ಲೆಟ್‌ಗಳ ಅಂಟುವ ಚುರುಕೂ ಇಳಿಯುತ್ತದೆ.

ಚೀಲದಲ್ಲಿ ಕಾಣುವ ಗಂಟು ಎರಡು ಬಗೆಯದು. ಯಂತ್ರದೊಳಗೆ ಒತ್ತಿ ಕೂಡಿಸಿದಾಗ ಪ್ಲೇಟ್‌ಲೆಟ್‌ಗಳಿಂದ ಎಡಿಪಿ ಎಂಬ, ಅಂಟಲು ಪ್ರಚೋದಿಸುವ ರಾಸಾಯನಿಕ ಹೊರಬಂದು, ಅದರ ಪ್ರಭಾವದಿಂದ ಸಡಿಲವಾಗಿ ಅಂಟಿಕೊಂಡದ್ದು ಮೊದಲನೆಯದು. ಸ್ವಲ್ಪ ಹೊತ್ತು ಬಿಟ್ಟರೆ ಇದು ತಾನಾಗಿ ಬಿಡಿಸಿಕೊಳ್ಳುತ್ತದೆ. ಎರಡನೆಯದರಲ್ಲಿ ಥ್ರಾಂಬಿನ್ ಎಂಬ ಹೆಪ್ಪುಗಟ್ಟಿಸುವ ಕಿಣ್ವ ಹುಟ್ಟಿ, ಹೆಪ್ಪಿನ ಬಲೆಯಾದ ಫೈಬ್ರಿನ್ ಎಳೆಗಳು ಸೇರಿಕೊಂಡಿರುತ್ತವೆ. ಎಷ್ಟು ಅಲ್ಲಾಡಿಸಿದರೂ ಇದು ಬಿಡುವುದಿಲ್ಲ. ಮುಂದಿನ ಎಲ್ಲ ತೀರ್ಮಾನಗಳೂ ಮುಂದಿರುವ ಗಂಟು ಯಾವ ಬಗೆಯದು ಎಂಬುದರ ಮೇಲೆ ನಿಂತಿವೆ.

ದಾನಿಯೋ, ಯಂತ್ರವೋ

ಒಂದೇ ದಿನ ಬೇರೆ ಬೇರೆ ದಾನಿಗಳ ಚೀಲಗಳಲ್ಲಿ ಗಂಟು ಕಂಡರೆ ಯಂತ್ರ, ಕಿಟ್ಟಿನ ಲಾಟ್, ಎಸಿಡಿ-ಎ ಚೀಲ ಇವನ್ನು ನೋಡಿ. ಎಸಿಡಿ-ಎ ಟ್ಯೂಬಿನ ಕ್ಲ್ಯಾಂಪ್ ಪೂರ್ತಿ ತೆರೆದಿದೆಯೇ, ಟ್ಯೂಬು ಎಲ್ಲಾದರೂ ಮಡಚಿದೆಯೇ, ಡ್ರಿಪ್ ಚೇಂಬರ್‌ನಲ್ಲಿ ಹನಿ ಬೀಳುತ್ತಿದೆಯೇ ಎಂಬುದಕ್ಕೆ ಅರ್ಧ ನಿಮಿಷ ಸಾಕು. ಎಷ್ಟು ಎಸಿಡಿ-ಎ ಬಳಕೆಯಾಗಿದೆ ಎಂದು ಯಂತ್ರ ತೋರಿಸುವ ಅಂಕಿಗೂ ಚೀಲದಲ್ಲಿ ನಿಜವಾಗಿ ಕಡಿಮೆಯಾದ ಪ್ರಮಾಣಕ್ಕೂ ತಾಳೆ ನೋಡಿ. ಅದೇ ಯಂತ್ರದಲ್ಲಿ ಆ ದಿನ ಉಳಿದವರ ಚೀಲಗಳು ಸ್ವಚ್ಛವಾಗಿದ್ದು ಒಬ್ಬರದು ಮಾತ್ರ ಗಂಟು ಕಟ್ಟಿದ್ದರೆ, ಅದರಲ್ಲೂ ಹಿಂದಿನ ಸಲವೂ ಹಾಗೇ ಆಗಿದ್ದರೆ, ಕಾರಣ ದಾನಿಯ ಕಡೆ ಇದೆ.

ಪ್ಲೇಟ್‌ಲೆಟ್ ಕೌಂಟ್: ಹೆಚ್ಚಿದ್ದರೂ ತೊಂದರೆ, ತಪ್ಪಾಗಿ ಕಡಿಮೆ ಬಂದರೂ ತೊಂದರೆ

ನಮ್ಮ ದೇಶದ ನಿಯಮದಂತೆ ಏಫರೆಸಿಸ್ ದಾನಿಗೆ ಮೈಕ್ರೋಲೀಟರಿಗೆ 1.5 ಲಕ್ಷಕ್ಕಿಂತ ಹೆಚ್ಚು ಪ್ಲೇಟ್‌ಲೆಟ್ ಇರಬೇಕು. ಎಲ್ಲರೂ ಈ ಕೆಳಗಿನ ಗೆರೆಯನ್ನೇ ನೋಡುತ್ತಾರೆ. ಗಂಟಿನ ಮಟ್ಟಿಗೆ ಹೆಚ್ಚು ಗಮನ ಬೇಕಿರುವುದು 3.5 ಲಕ್ಷ ದಾಟಿದ ದಾನಿಗಳಿಗೆ. ಇಂಥವರಲ್ಲಿ ಪ್ಲೇಟ್‌ಲೆಟ್‌ಗಳು ಬೇಗ ಬಂದು ಸಂಗ್ರಹ ಚೇಂಬರ್‌ನಲ್ಲಿ ದಟ್ಟವಾಗಿ ಕೂರುತ್ತವೆ, ದಟ್ಟಣೆ ಹೆಚ್ಚಿದಷ್ಟೂ ಅಂಟುವ ಸಾಧ್ಯತೆ ಹೆಚ್ಚು.

ಲೆಕ್ಕ ಹೀಗೆ. ಒಂದು ಎಸ್‌ಡಿಪಿ (ಒಬ್ಬರೇ ದಾನಿಯಿಂದ ಏಫರೆಸಿಸ್‌ನಲ್ಲಿ ತೆಗೆದ ಪ್ಲೇಟ್‌ಲೆಟ್) ಚೀಲದಲ್ಲಿ ಕನಿಷ್ಠ 3×10¹¹ ಪ್ಲೇಟ್‌ಲೆಟ್ ಇರಬೇಕು. ಅದನ್ನು 200 ಮಿ.ಲೀ. ಪ್ಲಾಸ್ಮಾದಲ್ಲಿ ಇಟ್ಟರೆ ಮೈಕ್ರೋಲೀಟರಿಗೆ 15 ಲಕ್ಷ, 250 ಮಿ.ಲೀ.ನಲ್ಲಿ ಇಟ್ಟರೆ 12 ಲಕ್ಷ. ಗಂಟು ಕಟ್ಟುವ ಇತಿಹಾಸವಿರುವ ದಾನಿಯಿಂದ 50 ಮಿ.ಲೀ. ಹೆಚ್ಚು ಪ್ಲಾಸ್ಮಾ ತೆಗೆಯುವುದು ಅತ್ಯಂತ ಅಗ್ಗದ ಮತ್ತು ಸುಲಭದ ಉಪಾಯ. ದಾನಿಯ ತೂಕಕ್ಕೆ ತಕ್ಕಂತೆ ಯಂತ್ರ ಅನುಮತಿಸುವ ಮಿತಿಯೊಳಗೇ ಇದನ್ನು ಮಾಡಿ. ಪ್ರತಿ ಶೇಖರಣಾ ಚೀಲಕ್ಕೂ ತಯಾರಕರು ಗರಿಷ್ಠ ದಟ್ಟಣೆ ಮತ್ತು ಗರಿಷ್ಠ ಒಟ್ಟು ಸಂಖ್ಯೆ ಕೊಟ್ಟಿರುತ್ತಾರೆ. ಅದನ್ನು ಯಂತ್ರದ ಪಕ್ಕದ ಗೋಡೆಗೆ ಅಂಟಿಸಿಡಿ.

ಇನ್ನು ತಪ್ಪಾಗಿ ಕಡಿಮೆ ಬರುವ ಕೌಂಟ್. ಇದು ಹೆಚ್ಚು ಮೋಸದ ಸಂಗತಿ, ಹಾಗಾಗಿ ಸ್ವಲ್ಪ ವಿವರವಾಗಿ ನೋಡೋಣ. ಕೆಲವು ಆರೋಗ್ಯವಂತರ ರಕ್ತ, ಕೌಂಟ್ ಪರೀಕ್ಷೆಗೆ ಬಳಸುವ ಇಡಿಟಿಎ (ಹೆಪ್ಪು ತಡೆಯುವ ಇನ್ನೊಂದು ರಾಸಾಯನಿಕ) ಟ್ಯೂಬಿನಲ್ಲಿ ಮಾತ್ರ ಗಂಟು ಕಟ್ಟುತ್ತದೆ. ಇಡಿಟಿಎ ಇದ್ದಾಗ ಪ್ಲೇಟ್‌ಲೆಟ್ ಮೇಲ್ಮೈಯ ಒಂದು ಪ್ರೋಟೀನಿನ ಮುಚ್ಚಿದ್ದ ಭಾಗ ತೆರೆದುಕೊಳ್ಳುತ್ತದೆ, ಅವರ ರಕ್ತದಲ್ಲಿರುವ ಪ್ರತಿಕಾಯ ಅದಕ್ಕೆ ಅಂಟುತ್ತದೆ. ಸೆಲ್ ಕೌಂಟರ್ ಆ ಗಂಟನ್ನು ಪ್ಲೇಟ್‌ಲೆಟ್ ಎಂದು ಎಣಿಸುವುದಿಲ್ಲ, ಕೌಂಟ್ ಕಡಿಮೆ ತೋರಿಸುತ್ತದೆ. ನಿಧಾನವಾಗಿ, ಪರದಾಡಿ ತೆಗೆದ ಸ್ಯಾಂಪಲ್‌ನಲ್ಲಿ ಸಣ್ಣ ಹೆಪ್ಪು ಆದರೂ ಹೀಗೇ ಆಗುತ್ತದೆ.

ದಾನಿಯ ನಿಜವಾದ ಕೌಂಟ್ 3.2 ಲಕ್ಷ, ಕೌಂಟರ್ ತೋರಿಸಿದ್ದು 1.9 ಲಕ್ಷ ಎಂದುಕೊಳ್ಳಿ. ನೀವು ಯಂತ್ರಕ್ಕೆ 1.9 ಎಂದು ಕೊಟ್ಟು 3×10¹¹ ಗುರಿ ಇಟ್ಟಿರಿ. ಯಂತ್ರ ಆ ಅಂಕಿಯನ್ನೇ ನಂಬಿ ಹೆಚ್ಚು ರಕ್ತ ಸಂಸ್ಕರಿಸುತ್ತದೆ. ಕೊನೆಗೆ ಚೀಲಕ್ಕೆ ಬರುವುದು ಸುಮಾರು 5×10¹¹. 250 ಮಿ.ಲೀ. ಚೀಲದಲ್ಲಿ ಅದು ಮೈಕ್ರೋಲೀಟರಿಗೆ 20 ಲಕ್ಷ! ಇಂಥ ಚೀಲ ಗಂಟು ಕಟ್ಟಿದರೆ ಅದರಲ್ಲಿ ಯಂತ್ರದ ತಪ್ಪೇನೂ ಇಲ್ಲ. ಗಂಟು ಕರಗಿದರೂ ಇಷ್ಟು ದಟ್ಟವಾದ ಚೀಲದಲ್ಲಿ ಲ್ಯಾಕ್ಟಿಕ್ ಆಮ್ಲ ಹೆಚ್ಚಿ, ಶೇಖರಣೆಯ ನಾಲ್ಕೈದನೇ ದಿನಕ್ಕೆ ಪಿಎಚ್ ಕುಸಿಯಬಹುದು.

ಆದ್ದರಿಂದ ಕೌಂಟ್ ದಾನಿಯ ಹಿಂದಿನ ದಾಖಲೆಗಿಂತ ತೀರಾ ಕಡಿಮೆ ಬಂದರೆ, ಅಥವಾ ಕೌಂಟರ್ ಪ್ಲೇಟ್‌ಲೆಟ್ ಕ್ಲಂಪ್ ಎಂಬ ಎಚ್ಚರಿಕೆ ಕೊಟ್ಟರೆ ಹೀಗೆ ಮಾಡಿ:

1. ಟ್ಯೂಬನ್ನು ಓರೆ ಮಾಡಿ, ಹೆಪ್ಪು ಇದೆಯೇ ಎಂದು ಕಡ್ಡಿಯಿಂದ ನೋಡಿ. ಇದ್ದರೆ ಆ ಸ್ಯಾಂಪಲ್ ಬಿಟ್ಟು ಹೊಸದಾಗಿ ತೆಗೆಯಿರಿ.
2. ಸ್ಲೈಡಿನ ಮೇಲೆ ರಕ್ತದ ತೆಳು ಪದರ (ಸ್ಮಿಯರ್) ಎಳೆದು ಬಣ್ಣ ಹಾಕಿ, ಸ್ಲೈಡಿನ ತೆಳು ತುದಿಯನ್ನೂ ಅಂಚುಗಳನ್ನೂ ನೋಡಿ. ಗಂಟುಗಳು ಅಲ್ಲೇ ಸೇರಿಕೊಂಡಿರುತ್ತವೆ. ನಡುಭಾಗ ಮಾತ್ರ ನೋಡಿದರೆ ತಪ್ಪಿಹೋಗುತ್ತವೆ.
3. 3.2 ಶೇಕಡಾ ಸಿಟ್ರೇಟ್ ಟ್ಯೂಬಿನಲ್ಲಿ ಗುರುತಿನ ಗೆರೆಯವರೆಗೆ ರಕ್ತ ತೆಗೆದು, ತಡಮಾಡದೆ ಕೌಂಟ್ ಮಾಡಿ. ಒಂಬತ್ತು ಭಾಗ ರಕ್ತಕ್ಕೆ ಒಂದು ಭಾಗ ದ್ರಾವಣ ಸೇರಿರುವುದರಿಂದ ಬಂದ ಅಂಕಿಯನ್ನು 1.1ರಿಂದ ಗುಣಿಸಿ.
4. ಸರಿಪಡಿಸಿದ ಅಂಕಿಯನ್ನು ವೈದ್ಯಾಧಿಕಾರಿಗೆ ತೋರಿಸಿ, ಅವರ ಒಪ್ಪಿಗೆಯ ಮೇಲೆ ಯಂತ್ರಕ್ಕೆ ಕೊಡಿ. ದಾನಿಯ ಕಾರ್ಡಿನಲ್ಲಿ ‘ಇಡಿಟಿಎ ಕ್ಲಂಪ್’ ಎಂದು ಕೆಂಪು ಶಾಯಿಯಲ್ಲಿ ಬರೆದಿಡಿ.

ಇಡಿಟಿಎಯಲ್ಲಿ ಗಂಟು ಕಟ್ಟಿತು ಎಂಬ ಒಂದೇ ಕಾರಣಕ್ಕೆ ದಾನಿಯನ್ನು ವಾಪಸು ಕಳಿಸಬೇಡಿ, ಚೀಲದಲ್ಲಿ ಇರುವುದು ಸಿಟ್ರೇಟ್. ಸಿಟ್ರೇಟ್ ಟ್ಯೂಬಿನಲ್ಲೂ ಗಂಟು ಕಂಡರೆ ಮಾತ್ರ ಆ ದಿನ ನಿಲ್ಲಿಸಿ. ಜೊತೆಗೆ ಕೌಂಟೂ ನಿಜವಾಗಿ ಕಡಿಮೆ ಇದ್ದು, ಮೂಗು ಅಥವಾ ವಸಡಿನಿಂದ ರಕ್ತ ಬರುವ ಇತಿಹಾಸವಿದ್ದರೆ ರಕ್ತರೋಗ ತಜ್ಞರಿಗೆ ತೋರಿಸಲು ಹೇಳಿ. ವಾನ್ ವಿಲ್ಲೆಬ್ರಾಂಡ್ ಎಂಬ ಆನುವಂಶಿಕ ರಕ್ತಸ್ರಾವ ಕಾಯಿಲೆಯ 2ಬಿ ಎಂಬ ಅಪರೂಪದ ಬಗೆಯಲ್ಲಿ ಪ್ಲೇಟ್‌ಲೆಟ್‌ಗಳು ತಾವಾಗಿಯೇ ಅಂಟಿಕೊಳ್ಳುತ್ತವೆ.

ಹೆಚ್ಚಿನ ಕೌಂಟ್ ಕೂಡ ಕೆಲವೊಮ್ಮೆ ಬೇರೆ ಸುದ್ದಿ ಹೇಳುತ್ತಿರುತ್ತದೆ. ಕಬ್ಬಿಣದ ಕೊರತೆ ಇದ್ದರೆ ಪ್ಲೇಟ್‌ಲೆಟ್ ಏರುತ್ತದೆ. ಹಿಮೋಗ್ಲೋಬಿನ್ 12.5ರ ಗೆರೆಯ ಮೇಲೆ ಈಗಷ್ಟೇ ನಿಂತಿರುವ, ಕೌಂಟ್ 4 ಲಕ್ಷ ದಾಟಿದ ಮಹಿಳಾ ದಾನಿ ಬಂದರೆ ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು ತೋರಿಸುವ) ಪರೀಕ್ಷೆ ಮಾಡಿಸಿ. ಪದೇ ಪದೇ ಏಫರೆಸಿಸ್ ಕೊಡುವವರಲ್ಲೂ ಸ್ಯಾಂಪಲ್ ಮತ್ತು ಕಿಟ್ಟಿನಲ್ಲಿ ಉಳಿಯುವ ಕೆಂಪು ಕಣಗಳ ಮೂಲಕ ಕಬ್ಬಿಣ ಸ್ವಲ್ಪಸ್ವಲ್ಪವೇ ಹೋಗುತ್ತಿರುತ್ತದೆ. ಇತ್ತೀಚಿನ ಸೋಂಕು, ಜ್ವರದ ನಂತರವೂ ಕೌಂಟ್ ಮತ್ತು ಫೈಬ್ರಿನೋಜನ್ (ಫೈಬ್ರಿನ್ ಎಳೆಯಾಗುವ ಪ್ರೋಟೀನ್) ಎರಡೂ ಏರಿರುತ್ತವೆ. ಡೆಂಗಿ ಆದವರನ್ನು ಪೂರ್ತಿ ಗುಣವಾದ ಮೇಲೆ 6 ತಿಂಗಳು ಹೇಗೂ ತೆಗೆದುಕೊಳ್ಳುವಂತಿಲ್ಲ. ಸಾಮಾನ್ಯ ನೆಗಡಿ, ಗಂಟಲುನೋವಿನವರನ್ನೂ ಪೂರ್ತಿ ಸುಧಾರಿಸಿದ ಮೇಲೆಯೇ ಕರೆಯಿರಿ. ಬೆಳಿಗ್ಗೆ ಜಿಮ್ ಮುಗಿಸಿ ನೇರ ಬಂದವರಲ್ಲೂ ಗುಲ್ಮದಿಂದ ಪ್ಲೇಟ್‌ಲೆಟ್ ಹೊರಬಂದು ಕೌಂಟ್ ತಾತ್ಕಾಲಿಕವಾಗಿ ಏರಿರುತ್ತದೆ. ಕೂರಿಸಿ, ನೀರು ಕೊಟ್ಟು, ಆಮೇಲೆ ಸ್ಯಾಂಪಲ್ ತೆಗೆಯಿರಿ.

ಹೆಮಟೋಕ್ರಿಟ್: ಯಾರಿಗೂ ಲೆಕ್ಕಕ್ಕೆ ಬಾರದ ಅಂಕಿ

ಯಂತ್ರ ಎಸಿಡಿ-ಎ ಬೆರೆಸುವುದು ರಕ್ತದ ಒಟ್ಟು ಪ್ರಮಾಣಕ್ಕೆ ತಕ್ಕಂತೆ. ಆದರೆ ಸಿಟ್ರೇಟ್ ಕೆಲಸ ಮಾಡುವುದು ಪ್ಲಾಸ್ಮಾದಲ್ಲಿ. ಹಾಗಾಗಿ ಒಂದೇ ಅನುಪಾತ ಇಟ್ಟರೂ ಇಬ್ಬರು ದಾನಿಗಳಿಗೆ ಸಿಗುವ ರಕ್ಷಣೆ ಒಂದೇ ಅಲ್ಲ.

100 ಮಿ.ಲೀ. ರಕ್ತಕ್ಕೆ 10 ಮಿ.ಲೀ. ಎಸಿಡಿ-ಎ ಎಂದು ಹಿಡಿಯೋಣ. ಹೆಮಟೋಕ್ರಿಟ್ 48 ಇರುವ ದಾನಿಯಲ್ಲಿ ಪ್ಲಾಸ್ಮಾ 52 ಮಿ.ಲೀ., ಎಸಿಡಿ-ಎ ಸೇರಿ 62. ಅದರಲ್ಲಿ ದ್ರಾವಣದ ಪಾಲು 16 ಶೇಕಡಾ. ಹೆಮಟೋಕ್ರಿಟ್ 38 ಇರುವವರಲ್ಲಿ ಪ್ಲಾಸ್ಮಾ 62, ಎಸಿಡಿ-ಎ ಸೇರಿ 72, ದ್ರಾವಣದ ಪಾಲು 14 ಶೇಕಡಾಕ್ಕೂ ಸ್ವಲ್ಪ ಕಡಿಮೆ. ಸಿಟ್ರೇಟಿನಿಂದ ತುಟಿ ಜುಮ್ಮೆನ್ನದಿರಲಿ ಎಂದು ಇವರಿಗೇ ಅನುಪಾತವನ್ನು 12:1ಕ್ಕೆ (12 ಭಾಗ ರಕ್ತಕ್ಕೆ 1 ಭಾಗ ಎಸಿಡಿ-ಎ) ಸಡಿಲಿಸಿದರೆ ಪಾಲು 12 ಶೇಕಡಾಕ್ಕೆ ಇಳಿಯುತ್ತದೆ. ಅಂದರೆ ಗಂಟಿಗೆ ಬಾಗಿಲು ತೆರೆದ ಹಾಗೆ.

ಮಹಿಳೆಯರಲ್ಲಿ ಹೆಮಟೋಕ್ರಿಟ್ ಕಡಿಮೆ, ಪ್ಲೇಟ್‌ಲೆಟ್ ಕೌಂಟ್ ಸರಾಸರಿಯಲ್ಲಿ ಸ್ವಲ್ಪ ಹೆಚ್ಚು, ರಕ್ತನಾಳ ಹೆಚ್ಚಾಗಿ ಸಣ್ಣದು. ಮೂರೂ ಒಂದೇ ದಿಕ್ಕಿಗೆ ತಳ್ಳುತ್ತವೆ. ಹಾಗೆಂದು ಮಹಿಳೆಯರನ್ನು ತೆಗೆದುಕೊಳ್ಳಬಾರದು ಎಂದಲ್ಲ, ಸೆಟ್ಟಿಂಗ್ ಬದಲಿಸಬೇಕು ಎಂದರ್ಥ. ಅನುಪಾತ ಬದಲಿಸಲು ಬಿಡುವ ಯಂತ್ರವಾದರೆ, ವೈದ್ಯಾಧಿಕಾರಿಯ ಒಪ್ಪಿಗೆಯೊಂದಿಗೆ 9:1 ಇಡಿ. ಹೆಮಟೋಕ್ರಿಟ್ 38ರ ದಾನಿಯಲ್ಲಿ ಅದು 15 ಶೇಕಡಾದಷ್ಟು ಪಾಲು ಕೊಡುತ್ತದೆ. ಸಿಟ್ರೇಟ್ ಹೆಚ್ಚಾದಾಗ ದಾನಿಗೆ ತುಟಿ, ಬೆರಳತುದಿ ಜುಮ್ಮೆನ್ನಬಹುದು. ಆಗ ಅನುಪಾತವನ್ನು ಮುಟ್ಟಬೇಡಿ. ರಕ್ತ ಹಿಂದಿರುಗಿಸುವ ವೇಗ ತಗ್ಗಿಸಿ, ಜಗಿಯುವ ಕ್ಯಾಲ್ಸಿಯಂ ಮಾತ್ರೆ ಕೊಡಿ, ಕಂಬಳಿ ಹೊದಿಸಿ. ಕಡಿಮೆಯಾಗದಿದ್ದರೆ, ಅಥವಾ ಕೈ ಸೆಟೆದುಕೊಂಡರೆ, ನಿಲ್ಲಿಸಿ ವೈದ್ಯರನ್ನು ಕರೆಯಿರಿ. ದಾನಿಯ ಕ್ಷೇಮದ ಮುಂದೆ ಯಾವ ಚೀಲವೂ ದೊಡ್ಡದಲ್ಲ.

ರಕ್ತನಾಳ ಮತ್ತು ಹರಿವು

ಸೂಜಿಯಿಂದ ಎಸಿಡಿ-ಎ ಸೇರುವ ಜಾಗದವರೆಗಿನ ಚಿಕ್ಕ ದೂರದಲ್ಲಿ ರಕ್ತಕ್ಕೆ ಯಾವ ರಕ್ಷಣೆಯೂ ಇಲ್ಲ. ಹರಿವು ಚೆನ್ನಾಗಿದ್ದರೆ ಅದು ಕ್ಷಣದಲ್ಲಿ ದಾಟುತ್ತದೆ. ಹರಿವು ನಿಂತು ನಿಂತು ಬಂದರೆ ಅಲ್ಲೇ ಥ್ರಾಂಬಿನ್ ಹುಟ್ಟಲು ಶುರು. ಬಿಡಿಸಲಾಗದ ಎರಡನೇ ಬಗೆಯ ಗಂಟಿನ ಮುಖ್ಯ ತವರು ಇದೇ.

ಎರಡೂ ಕೈಗಳ ಮೊಣಕೈ ಮಡಿಕೆಯನ್ನು ಬೆರಳಿನಿಂದ ಒತ್ತಿ ನೋಡಿ. ಒತ್ತಿದಾಗ ಪುಟಿಯುವ, ನೇರವಾದ, 16 ಅಥವಾ 17 ಗೇಜಿನ ಸೂಜಿ ಸಲೀಸಾಗಿ ಹಿಡಿಯುವ ರಕ್ತನಾಳವನ್ನೇ ಆರಿಸಿ. ಕೈ ತಣ್ಣಗಿದ್ದರೆ ಬೆಚ್ಚನೆ ಪ್ಯಾಕ್ ಇಟ್ಟು 5 ನಿಮಿಷ ಕಾಯಿರಿ. ಚುಚ್ಚುವುದು ಒಂದೇ ಸಲ, ಒಂದೇ ನೇರಕ್ಕೆ. ಒಳಗೆ ಸೂಜಿಯನ್ನು ಅತ್ತಿತ್ತ ಆಡಿಸಿದರೆ ಗಾಯಗೊಂಡ ಅಂಗಾಂಶದಿಂದ ಟಿಶ್ಯೂ ಫ್ಯಾಕ್ಟರ್ ರಕ್ತಕ್ಕೆ ಸೇರುತ್ತದೆ. ಹೆಪ್ಪುಗಟ್ಟುವಿಕೆಗೆ ಅದಕ್ಕಿಂತ ಜೋರಾದ ಕಿಡಿ ಇನ್ನೊಂದಿಲ್ಲ. ಮೊದಲ ರಕ್ತ, ಅದನ್ನು ಬೇರೆ ಹಿಡಿಯುವ ಡೈವರ್ಷನ್ ಪೌಚಿಗೆ ಹೋಗಲಿ.

ಯಂತ್ರ ಓಡುವಾಗ, ರಕ್ತ ಸರಿಯಾಗಿ ಎಳೆಯಲು ಬಾರದಿದ್ದರೆ ಕೂಗುವ ಡ್ರಾ ಪ್ರೆಷರ್ ಅಲಾರಂ ಎಷ್ಟು ಸಲ ಬಂತು ಎಂದು ಎಣಿಸಿ ಬರೆಯಿರಿ. ಅಲಾರಂ ಬಂದಾಗಲೆಲ್ಲ ಸುಮ್ಮನೆ ಕಂಟಿನ್ಯೂ ಒತ್ತುವ ಅಭ್ಯಾಸ ಬಹಳ ಕಡೆ ಇದೆ. ಅದು ಗಂಟನ್ನು ಕರೆದು ಕೂರಿಸುವ ಅಭ್ಯಾಸ. ತೋಳಿಗೆ ಕಟ್ಟಿದ ಕಫ್‌ನ ಒತ್ತಡ ಸರಿಮಾಡಿ, ಕೈಗೆ ಚೆಂಡು ಕೊಟ್ಟು ಹಿಸುಕಲು ಹೇಳಿ, ಆಗಲೂ ಬಂದರೆ ಎಳೆಯುವ ವೇಗವನ್ನೇ ಇಳಿಸಿ. ಹತ್ತು ನಿಮಿಷ ಹೆಚ್ಚು ಹಿಡಿದರೂ ಹರಿವು ಸಮವಾಗಿರುವುದು ಮುಖ್ಯ.

ಇಡೀ ರಕ್ತದಿಂದ, ಅಂದರೆ ಸಾಮಾನ್ಯ ರಕ್ತದಾನದ ಚೀಲದಿಂದ, ಬೇರ್ಪಡಿಸುವ ಪ್ಲೇಟ್‌ಲೆಟ್ (ಆರ್‌ಡಿಪಿ) ಮಾಡುವಲ್ಲೂ ಇದೇ ನಿಯಮ. 350 ಮಿ.ಲೀ. ಚೀಲದಲ್ಲಿ 49 ಮಿ.ಲೀ., 450 ಮಿ.ಲೀ. ಚೀಲದಲ್ಲಿ 63 ಮಿ.ಲೀ. ಸಿಟ್ರೇಟ್ ದ್ರಾವಣ ಕಾದಿರುತ್ತದೆ. ರಕ್ತ ತೊಟ್ಟಿಕ್ಕುತ್ತಾ ಬಂದು ತುಂಬಲು 15 ನಿಮಿಷ ದಾಟಿದರೆ ಆ ಚೀಲದಿಂದ ಪ್ಲೇಟ್‌ಲೆಟ್ ಮಾಡಬೇಡಿ.

ಊಟ, ಸಿಗರೇಟು, ಭಯ, ಔಷಧ

ಮಸಾಲೆ ದೋಸೆ, ಬಿರಿಯಾನಿ, ಪೂರಿ ತಿಂದು ಬಂದವರ ಪ್ಲಾಸ್ಮಾ ಹಾಲಿನಂತೆ ಬೆಳ್ಳಗಿರುತ್ತದೆ. ಆ ಕೊಬ್ಬು ಯಂತ್ರದ ಬೆಳಕಿನ ಸೆನ್ಸರುಗಳನ್ನು ಗೊಂದಲಗೊಳಿಸುತ್ತದೆ, ಚೀಲದಲ್ಲಿ ಗಂಟು ಇದ್ದರೂ ಕಾಣದಂತೆ ಮಾಡುತ್ತದೆ. ಖಾಲಿ ಹೊಟ್ಟೆಯೂ ಬೇಡ, ತಲೆಸುತ್ತು ಬರುತ್ತದೆ. ಎರಡು ಮೂರು ಗಂಟೆ ಮೊದಲು ಇಡ್ಲಿ, ಅವಲಕ್ಕಿ, ಅನ್ನ ಸಾರು ಇಂಥ ಹಗುರ ಊಟ, ಹಿಂದಿನ ರಾತ್ರಿಯಿಂದಲೇ ಸಾಕಷ್ಟು ನೀರು, ಬಂದ ಮೇಲೆ ಅರ್ಧ ಲೀಟರ್ ನೀರು. ನೀರು ಕಡಿಮೆಯಾದರೆ ರಕ್ತನಾಳ ಕುಗ್ಗುತ್ತದೆ, ಮತ್ತೆ ಅದೇ ಹರಿವಿನ ತೊಂದರೆ.

ಸಿಗರೇಟು ಪ್ಲೇಟ್‌ಲೆಟ್‌ಗಳನ್ನು ಚುರುಕುಗೊಳಿಸುತ್ತದೆ, ದಾನದ ದಿನ ಬೆಳಿಗ್ಗೆಯಿಂದ ಸೇದಬಾರದು. ಭಯವಾದಾಗ ಏರುವ ಅಡ್ರಿನಲಿನ್ ಕೂಡ ಅದನ್ನೇ ಮಾಡುತ್ತದೆ. ಮೊದಲ ಸಲ ಬಂದವರಿಗೆ ಯಂತ್ರ ತೋರಿಸಿ, ಏನೇನು ಆಗುತ್ತದೆ ಎಂದು ಹೇಳಿ, ಹತ್ತು ನಿಮಿಷ ಕೂರಿಸುವುದು ಬರೀ ಉಪಚಾರದ ಮಾತಲ್ಲ. ಮಧುಮೇಹ, ಬೊಜ್ಜು ಇರುವವರ ಪ್ಲೇಟ್‌ಲೆಟ್‌ಗಳೂ ಹೆಚ್ಚು ಚುರುಕು. ಮಾತ್ರೆಯಲ್ಲಿ ಸಕ್ಕರೆ ಹಿಡಿತದಲ್ಲಿದ್ದು ಅರ್ಹರಾದವರನ್ನು ತೆಗೆದುಕೊಳ್ಳಿ, ಆದರೆ ಚೀಲದ ಮೇಲೆ ಒಂದು ಕಣ್ಣಿರಲಿ.

ಔಷಧದ ವಿಷಯದಲ್ಲಿ ಒಂದು ಅಪಾಯಕಾರಿ ಸಲಹೆ ಆಗಾಗ ಕೇಳಿಬರುತ್ತದೆ: ಆಸ್ಪಿರಿನ್ ತೆಗೆದುಕೊಂಡು ಬಂದರೆ ಗಂಟು ಕಟ್ಟುವುದಿಲ್ಲವಲ್ಲ ಎಂದು. ಕಟ್ಟದಿರಬಹುದು. ಆದರೆ ಆ ಪ್ಲೇಟ್‌ಲೆಟ್ ರೋಗಿಯ ಮೈಯಲ್ಲೂ ಸರಿಯಾಗಿ ಅಂಟುವುದಿಲ್ಲ. ಒಮ್ಮೆ ಆಸ್ಪಿರಿನ್ ತಗುಲಿದ ಪ್ಲೇಟ್‌ಲೆಟ್ ತನ್ನ ಜೀವಮಾನವಿಡೀ ಹಾಗೆಯೇ ಇರುತ್ತದೆ. ಎಸ್‌ಡಿಪಿಯಲ್ಲಿ ರೋಗಿಗೆ ಸಿಗುವುದು ಒಬ್ಬರೇ ದಾನಿಯ ಪ್ಲೇಟ್‌ಲೆಟ್, ಅದೇ ಕೆಲಸಕ್ಕೆ ಬಾರದಿದ್ದರೆ ಬೇರೆ ಆಸರೆ ಇಲ್ಲ. ಆಸ್ಪಿರಿನ್ ತೆಗೆದುಕೊಂಡವರು 3 ದಿನ, ಕ್ಲೋಪಿಡೋಗ್ರೆಲ್ (ಪ್ಲೇಟ್‌ಲೆಟ್ ಅಂಟದಂತೆ ಮಾಡುವ ಇನ್ನೊಂದು ಮಾತ್ರೆ) ತೆಗೆದುಕೊಂಡವರು 2 ವಾರ ಬಿಟ್ಟು ಬರಬೇಕು. ವೈದ್ಯರು ಹೃದಯಕ್ಕೆಂದು ಬರೆದ ಮಾತ್ರೆಯನ್ನು ದಾನಕ್ಕಾಗಿ ಯಾರೂ ನಿಲ್ಲಿಸಬಾರದು, ಅಂಥವರು ದಾನಿಯಾಗುವುದೇ ಬೇಡ. ಕೆಲವು ನೆಗಡಿ ಮಾತ್ರೆ, ತಲೆನೋವಿನ ಮಾತ್ರೆಗಳಲ್ಲಿ ಆಸ್ಪಿರಿನ್ ಅಡಗಿರುತ್ತದೆ. ‘ಆಸ್ಪಿರಿನ್ ತಗೊಂಡಿದ್ದೀರಾ’ ಎಂದು ಕೇಳುವ ಬದಲು ‘ಕಳೆದ ಎರಡು ವಾರದಲ್ಲಿ ಯಾವುದಾದರೂ ಮಾತ್ರೆ ನುಂಗಿದ್ದೀರಾ, ಹೆಸರೇನು’ ಎಂದು ಕೇಳಿ.

ಸಂಗ್ರಹದ ನಡುವೆ ಗಂಟು ಕಂಡರೆ

ಸಂಗ್ರಹದ ಟ್ಯೂಬನ್ನು ಮೊದಲ ಹದಿನೈದು ನಿಮಿಷದಲ್ಲಿ ಎರಡು ಮೂರು ಸಲ ಬೆಳಕಿಗೆ ಹಿಡಿದು ನೋಡಿ. ಬಿಳಿ ಚೂರು ಕಂಡರೆ ಮೊದಲು ಎಸಿಡಿ-ಎ ಹರಿವು, ನಂತರ ಸೂಜಿಯ ಸ್ಥಾನ ನೋಡಿ, ಎಳೆಯುವ ವೇಗ ಇಳಿಸಿ, ಅನುಮತಿ ಇದ್ದರೆ ಸಿಟ್ರೇಟ್ ಅನುಪಾತ ಬಿಗಿ ಮಾಡಿ (ಎಸಿಡಿ-ಎ ಪಾಲು ಹೆಚ್ಚಿಸಿ). ಎರಡು ಚೀಲದ ಗುರಿ ಇಟ್ಟಿದ್ದರೆ ಒಂದಕ್ಕೆ ಇಳಿಸಿ. ರಕ್ತ ಹಿಂದಿರುಗುವ ಟ್ಯೂಬಿನಲ್ಲಾಗಲಿ ರಿಸರ್ವಾಯರ್‌ನಲ್ಲಾಗಲಿ ಕೆಂಪು ಹೆಪ್ಪು ಅಥವಾ ಎಳೆ ಕಂಡರೆ ಮಾತ್ರ ಯೋಚಿಸುವುದೇ ಬೇಡ, ಯಂತ್ರ ನಿಲ್ಲಿಸಿ, ಕ್ಲ್ಯಾಂಪ್ ಹಾಕಿ. ಅದನ್ನು ದಾನಿಗೆ ಹಿಂದಿರುಗಿಸಬಾರದು.

ಚೀಲ ಇಳಿದ ಮೇಲೆ ಮೊದಲ 24 ಗಂಟೆ

ಚೀಲವನ್ನು ಹಿಂಡಬೇಡಿ, ಜೋರಾಗಿ ಕುಲುಕಬೇಡಿ. 20ರಿಂದ 24 ಡಿಗ್ರಿ ಸೆಲ್ಸಿಯಸ್ ಇರುವ ಸಮತಟ್ಟಾದ ಜಾಗದಲ್ಲಿ ಒಂದು ಗಂಟೆ ಅಲ್ಲಾಡಿಸದೆ ಇಡಿ. ಏರ್ ಕಂಡಿಷನರ್‌ನ ಗಾಳಿ ನೇರ ಬೀಳುವ ಮೇಜು ಬೇಡ. 20 ಡಿಗ್ರಿಗಿಂತ ತಣ್ಣಗಾದರೆ ಪ್ಲೇಟ್‌ಲೆಟ್‌ಗಳು ಬಿಲ್ಲೆಯ ಆಕಾರ ಕಳೆದುಕೊಂಡು ದುಂಡಗಾಗಿ ಅಂಟತೊಡಗುತ್ತವೆ. ಆಮೇಲೆ ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಿ, ಚೀಲವನ್ನು ಸದಾ ಮೆಲ್ಲಗೆ ಅಲ್ಲಾಡಿಸುವ ಅಜಿಟೇಟರ್‌ನಲ್ಲಿ ಇಡಿ.

ನೋಡುವ ವೇಳೆ: ಇಳಿಸಿದ ತಕ್ಷಣ, ಒಂದು ಗಂಟೆಯ ವಿಶ್ರಾಂತಿ ಮುಗಿದಾಗ, ಅಜಿಟೇಟರ್‌ನಲ್ಲಿ ನಾಲ್ಕು ಗಂಟೆ ಕಳೆದ ಮೇಲೆ, ಮತ್ತು ಮರುದಿನ ಅದೇ ಹೊತ್ತಿಗೆ. ಟ್ಯೂಬ್‌ಲೈಟಿನ ಮುಂದೆ ಚೀಲವನ್ನು ಹಿಡಿದು ನಿಧಾನ ಓಲಾಡಿಸಿ. ಒಳ್ಳೆಯ ಪ್ಲೇಟ್‌ಲೆಟ್ ಮಿನುಗುವ ಸುಳಿಯಾಗಿ ತೇಲಾಡುತ್ತದೆ, ಅದೇ ಸ್ವರ್ಲಿಂಗ್. ಗಂಟು ಬಿಳಿ ಚೂರಾಗಿ ತಳದಲ್ಲಿ ಅಥವಾ ಮೂಲೆಯ ಹೊಲಿಗೆಯ ಬಳಿ ಕೂರುತ್ತದೆ. ‘ಇಲ್ಲ, ಕೆಲವು, ಹೆಚ್ಚು’ ಎಂಬ ಮೂರೇ ಮಟ್ಟದಲ್ಲಿ ಬರೆದರೆ ಸಾಕು, ಆದರೆ ಎಲ್ಲ ಪಾಳಿಯವರೂ ಒಂದೇ ರೀತಿ ಬರೆಯಬೇಕು. ಮೊದಲ ದಿನದ ಸಡಿಲ ಗಂಟು ಬಹುಪಾಲು 24 ಗಂಟೆಯೊಳಗೆ ಕರಗುತ್ತದೆ. ಆದ್ದರಿಂದ ಆತುರದಲ್ಲಿ ಎಸೆಯಬೇಡಿ, ಆತುರದಲ್ಲಿ ಕೊಡಲೂಬೇಡಿ. 24 ಗಂಟೆಯ ನಂತರವೂ ಉಳಿದದ್ದು ರೋಗಿಗೆ ಹೋಗಬಾರದು. ರಕ್ತ ಕೊಡುವ ಸೆಟ್ಟಿನ ಫಿಲ್ಟರ್ ಗಂಟನ್ನು ಹಿಡಿಯುತ್ತದೆ ನಿಜ, ಹಿಡಿದಷ್ಟು ಪ್ಲೇಟ್‌ಲೆಟ್ ರೋಗಿಗೆ ಸಿಗುವುದಿಲ್ಲ ಎಂಬುದೂ ಅಷ್ಟೇ ನಿಜ.

ಮೊದಲ ಎರಡು ದಿನ ಸ್ವಚ್ಛವಾಗಿದ್ದ ಚೀಲದಲ್ಲಿ ಮೂರನೇ ಅಥವಾ ನಾಲ್ಕನೇ ದಿನ ಹೊಸದಾಗಿ ಗಂಟು ಕಂಡರೆ ದಾನಿಯ ಪ್ಲೇಟ್‌ಲೆಟ್ ಗುಣ ಎಂದು ತಳ್ಳಿಹಾಕಬೇಡಿ. ಚರ್ಮದಿಂದ ಸೇರಿದ ಸ್ಟ್ಯಾಫಿಲೊಕಾಕಸ್ ಆರಿಯಸ್‌ನಂಥ ಬ್ಯಾಕ್ಟೀರಿಯಾ ಬೆಳೆದಾಗಲೂ ಹೀಗೆ ಆಗುತ್ತದೆ. ಚೀಲವನ್ನು ಬೇರೆ ಇಟ್ಟು, ಬ್ಯಾಕ್ಟೀರಿಯಾ ಪತ್ತೆಯ ಪರೀಕ್ಷೆಗಳಾದ ಕಲ್ಚರ್ ಮತ್ತು ಗ್ರಾಮ್ ಸ್ಟೇನ್‌ಗೆ ಕಳಿಸಿ. ಅದೇ ದಾನದಿಂದ ಬಂದ ಇನ್ನೊಂದು ಚೀಲವಿದ್ದರೆ ಅದನ್ನೂ ತಡೆಹಿಡಿಯಿರಿ.

ಮತ್ತೆ ಮತ್ತೆ ಗಂಟು ಕಟ್ಟುವ ದಾನಿ

ಒಂದು ಸಲ ಗಂಟು ಕಟ್ಟಿತೆಂದು ಯಾರನ್ನೂ ಪಟ್ಟಿಯಿಂದ ತೆಗೆಯಬೇಡಿ. ದಾನಿಯ ಕಾರ್ಡಿನಲ್ಲಿ ಕೌಂಟ್, ಹೆಮಟೋಕ್ರಿಟ್, ಯಾವ ಕೈ, ಎಷ್ಟು ಸಲ ಚುಚ್ಚಿದ್ದು, ಡ್ರಾ ಅಲಾರಂ ಎಷ್ಟು, ಅನುಪಾತ, ಚೀಲದ ಪ್ರಮಾಣ, ಗಂಟಿನ ಮಟ್ಟ ಇಷ್ಟನ್ನು ಬರೆಯಿರಿ. ಎರಡನೇ ಸಲ ಕರೆದಾಗ ಇನ್ನೊಂದು ಕೈ, ಒಂದೇ ಚೀಲದ ಗುರಿ, 50 ಮಿ.ಲೀ. ಹೆಚ್ಚು ಪ್ಲಾಸ್ಮಾ, ಬಿಗಿ ಅನುಪಾತ. ಬೇರೆ ಕಂಪನಿಯ ಯಂತ್ರ ಇದ್ದರೆ ಅದರಲ್ಲಿ. ಇಷ್ಟಾದ ಮೇಲೂ ಗಂಟು ಉಳಿದರೆ ಏಫರೆಸಿಸ್ ಬಿಟ್ಟು ಇಡೀ ರಕ್ತ (ಸಾಮಾನ್ಯ ರಕ್ತದಾನ) ಕೊಡಲು ಕೇಳಿಕೊಳ್ಳಿ. ‘ನಿಮಗೆ ಕಾಯಿಲೆ ಏನೂ ಇಲ್ಲ, ನಿಮ್ಮ ಪ್ಲೇಟ್‌ಲೆಟ್ ಯಂತ್ರದಲ್ಲಿ ಬೇಗ ಅಂಟಿಕೊಳ್ಳುತ್ತದೆ, ನಿಮ್ಮ ಕೆಂಪು ರಕ್ತಕಣ ನಮಗೆ ಬೇಕು’ ಎಂದು ನೇರವಾಗಿ ಹೇಳಿ. ಕಾರಣ ಹೇಳದೆ ಕರೆಯುವುದನ್ನು ನಿಲ್ಲಿಸಿದರೆ ದಾನಿ ತನಗೇನೋ ರೋಗವಿದೆ ಎಂದು ಹೆದರುತ್ತಾರೆ.

ಹಾಗೆ ಬದಲಾಯಿಸುವಾಗ ದಿನಾಂಕ ನೋಡಿಕೊಳ್ಳಿ. ಕೊನೆಯ ಏಫರೆಸಿಸ್‌ನಲ್ಲಿ ಕೆಂಪು ಕಣ ಪೂರ್ತಿ ಹಿಂದಿರುಗಿದ್ದರೆ 28 ದಿನದ ನಂತರ ಇಡೀ ರಕ್ತ ತೆಗೆದುಕೊಳ್ಳಬಹುದು. ಹೆಪ್ಪು ಕಂಡು ಯಂತ್ರ ನಿಲ್ಲಿಸಿ, ಕಿಟ್ಟಿನಲ್ಲಿದ್ದ ರಕ್ತವನ್ನು ಹಿಂದಿರುಗಿಸದೆ ಬಿಟ್ಟಿದ್ದರೆ 90 ದಿನ ಕಾಯಬೇಕು. ಇದನ್ನು ಅದೇ ದಿನ ಕಾರ್ಡಿನಲ್ಲಿ ಬರೆದು, ದಾನಿಗೂ ಚೀಟಿಯಲ್ಲಿ ಬರೆದುಕೊಡಿ.